ಗಾಳಿಗೆ ಓಡಿದ ಎಂಜಿನ್ ಉಗಿಗೆ ನಿಂತಿತು: 1:10 ಅಳತೆಯ ರೋಡ್ ರೋಲರ್ ಮಾದರಿಯ ಒಂದು ಪ್ರಕರಣ

ಒತ್ತಡದ ಮುಳ್ಳು 3 ಬಾರ್ ಮುಟ್ಟಿತ್ತು. ಸೇಫ್ಟಿ ವಾಲ್ವ್ ಸಣ್ಣಗೆ ಸಿಳ್ಳೆ ಹಾಕತೊಡಗಿತ್ತು. ಉಗಿಯ ಕವಾಟವನ್ನು ಕಾಲು ಸುತ್ತು ತೆರೆದೆ. ಫ್ಲೈವೀಲ್ ಒಂದೂವರೆ ಸುತ್ತು ಹೊರಳಿತು, ತಡವರಿಸಿತು, ನಿಂತುಬಿಟ್ಟಿತು. ಚಿಮಣಿಯ ಬಾಯಿಂದ ಬಿಸಿನೀರಿನ ಹನಿಗಳು ಚಿಮ್ಮಿ ಮೇಜಿನ ಮೇಲೆಲ್ಲ ಬಿದ್ದವು. ದಪ್ಪ ಕೈಗವಸು ಹಾಕಿಕೊಂಡು ಚಕ್ರವನ್ನು ತಳ್ಳಿ ನೋಡಿದೆ. ಬಂಡೆಗೆ ಬೆಸೆದಂತೆ ಕೂತಿತ್ತು.

ಗ್ಯಾಸ್ ಆರಿಸಿ, ಒತ್ತಡ ಇಳಿಸಿ, ಎಲ್ಲವೂ ತಣ್ಣಗಾಗುವವರೆಗೆ ಕಾದೆ. ಎರಡು ಗಂಟೆಯ ನಂತರ ಅದೇ ಚಕ್ರ ಒಂದೇ ಬೆರಳಿಗೆ ಸಲೀಸಾಗಿ ತಿರುಗಿತು.

ಇದೇ ಎಂಜಿನ್ ಹಿಂದಿನ ವಾರ ಕಂಪ್ರೆಸರಿನ ಗಾಳಿಯಲ್ಲಿ, ಬರೇ ಅರ್ಧ ಬಾರ್ ಒತ್ತಡಕ್ಕೆ, ಒಂದು ಗಂಟೆ ಕಾಲ ಗಡಿಯಾರದಂತೆ ಓಡಿತ್ತು. ಮನೆಯ ಕಾರ್ಯಾಗಾರದಲ್ಲಿ ಎರಡು ವರ್ಷ ಲೇತ್ ಮುಂದೆ ನಿಂತು ಮಾಡಿದ ಯಂತ್ರ ಅದು. ಗಾಳಿಗೆ ಓಡಿದ್ದು ಉಗಿಗೆ ಏಕೆ ನಿಂತಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಆರು ವಾರ ಹಿಡಿಯಿತು. ಸಿಕ್ಕ ಉತ್ತರ ಒಂದಲ್ಲ, ಒಂದರ ಹಿಂದೆ ಒಂದು ಅಡಗಿದ್ದ ಮೂರು. ಈ ಕೆಲಸಕ್ಕೆ ಕೈಹಾಕುವ ಇನ್ನೊಬ್ಬರಿಗೆ ಉಪಯೋಗವಾಗಲಿ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿರುವ ಅಂಕಿಗಳನ್ನೆಲ್ಲ ಇಲ್ಲಿ ಇಡುತ್ತಿದ್ದೇನೆ.

ಯಂತ್ರ

ಮೂಲ ಯಂತ್ರ ಹತ್ತು ಟನ್ ತೂಕದ, ಒಂಟಿ ಸಿಲಿಂಡರಿನ ಉಗಿ ರೋಡ್ ರೋಲರ್. ಈ ಜಾತಿಯ ಯಂತ್ರಗಳಲ್ಲಿ ಬಾಯ್ಲರೇ ಬೆನ್ನೆಲುಬು. ಬೇರೆ ಚೌಕಟ್ಟು ಇರುವುದಿಲ್ಲ; ಚಕ್ರ, ಸಿಲಿಂಡರ್, ಪಿಸ್ಟನ್ನಿನ ಹಿಂದೆಮುಂದಿನ ಚಲನೆಯನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್ ಎಲ್ಲವೂ ಬಾಯ್ಲರಿನ ಮೈಗೇ ಬಿಗಿದಿರುತ್ತವೆ. 1859ರಲ್ಲಿ ಇಂಗ್ಲೆಂಡಿನ ಥಾಮಸ್ ಅವೆಲಿಂಗ್, ಅಲ್ಲಿಯವರೆಗೆ ಕುದುರೆಗಳು ಎಳೆದೊಯ್ಯುತ್ತಿದ್ದ ಉಗಿ ಎಂಜಿನ್ನಿನ ಕ್ರ್ಯಾಂಕಿನಿಂದ ಹಿಂದಿನ ಅಚ್ಚಿಗೆ ಸರಪಳಿ ತೊಡಿಸಿ ಅದು ತಾನೇ ನಡೆಯುವಂತೆ ಮಾಡಿದ. ರೋಡ್ ರೋಲರ್ ಆ ವಂಶದ್ದೇ.

ಹತ್ತರಲ್ಲಿ ಒಂದು ಅಳತೆ ಲೆಕ್ಕಕ್ಕೆ ಅನುಕೂಲ. 8 ಅಂಗುಲ ವ್ಯಾಸದ ಸಿಲಿಂಡರ್ 20 ಮಿಲಿಮೀಟರ್ ಆಯಿತು, 10 ಅಂಗುಲದ ಓಟ, ಅಂದರೆ ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ ಚಲಿಸುವ ದೂರ, 25 ಮಿಲಿಮೀಟರ್ ಆಯಿತು. ಬಾಯ್ಲರಿಗೆ 76 ಮಿಲಿಮೀಟರ್ ಹೊರವ್ಯಾಸದ, 2 ಮಿಲಿಮೀಟರ್ ದಪ್ಪದ ತಾಮ್ರದ ಕೊಳವೆ. ಉದ್ದ ಹತ್ತನೇ ಒಂದಕ್ಕೆ ಇಳಿದಾಗ ತೂಕ ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ; ಹತ್ತು ಟನ್ನಿನ ರೋಲರ್ ಹತ್ತು ಕಿಲೋ ಆಯಿತು. ಇದನ್ನು ಮೊದಲ ಸಲ ತಕ್ಕಡಿಯಲ್ಲಿಟ್ಟು ನೋಡಿದಾಗ ಲೆಕ್ಕ ಇಷ್ಟು ಸರಿಯಾಗಿ ಕೂತಿತಲ್ಲ ಎಂದು ತುಂಬ ಸಂತೋಷಪಟ್ಟಿದ್ದೆ. ಮೈಯ ವಿಸ್ತೀರ್ಣ ಮಾತ್ರ ನೂರರಲ್ಲಿ ಒಂದಕ್ಕೆ ಇಳಿಯುತ್ತದೆ, ಸಾವಿರದಲ್ಲಿ ಒಂದಕ್ಕಲ್ಲ ಎಂಬುದು ಆಗಲೂ ಗೊತ್ತಿತ್ತು. ಅದರ ಅರ್ಥ ಗೊತ್ತಾಗಿದ್ದು ಆಮೇಲೆ.

ಸಿಲಿಂಡರನ್ನು ಬೀಡು ಕಬ್ಬಿಣದ ಗಟ್ಟಿ ತುಂಡಿನಿಂದ ಕೊರೆದೆ, ಪಿಸ್ಟನ್ನನ್ನು ಕಂಚಿನಿಂದ ಕಡೆದೆ. ಎರಡರ ನಡುವಿನ ಸಡಿಲು ವ್ಯಾಸದಲ್ಲಿ 0.02 ಮಿಲಿಮೀಟರ್. ಉಗಿ ಸೋರದಂತೆ ತಡೆಯುವ ರಿಂಗ್ ಇಲ್ಲ, ಎಣ್ಣೆಗೆಂದು ತೆಳುವಾದ ಎರಡು ಗೀರುಗಳು ಮಾತ್ರ. ಸಿಲಿಂಡರಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಪಿಸ್ಟನ್ ಎಳೆದರೆ ಹಿಂದಕ್ಕೆ ಚಿಮ್ಮುತ್ತಿತ್ತು. ಆ ಹೊಂದಿಕೆಗಾಗಿ ಮೂರು ಪಿಸ್ಟನ್ ಕಡೆದಿದ್ದೆ.

ಮೂಲ ಯಂತ್ರಕ್ಕಿಂತ ಒಂದು ವಿಷಯದಲ್ಲಿ ಬೇರೆ ದಾರಿ ಹಿಡಿದಿದ್ದೆ. ದೊಡ್ಡ ರೋಲರಿನಲ್ಲಿ ಸಿಲಿಂಡರ್ ಬಾಯ್ಲರಿನ ಬೆನ್ನ ಮೇಲೇ ಕೂರುತ್ತದೆ. ಅದರ ಸುತ್ತಲಿನ ಪೊಳ್ಳು ಜಾಗದಲ್ಲಿ ಬಾಯ್ಲರಿನ ಉಗಿಯೇ ತುಂಬಿರುತ್ತದೆ, ಹೊರಗೆ ಉಗಿಯ ಕೊಳವೆಯೇ ಕಾಣುವುದಿಲ್ಲ. ದುಂಡನೆಯ ಬಾಯ್ಲರಿಗೆ ಹೊಂದುವ ಬಾಗಿದ ಪೀಠವನ್ನು ಕಡೆಯುವುದು ಕಷ್ಟದ ಕೆಲಸ. ಆದ್ದರಿಂದ ನಾನು ಸಿಲಿಂಡರನ್ನು ಎರಡು ಉಕ್ಕಿನ ಕಾಲುಗಳ ಮೇಲೆ, ಬಾಯ್ಲರಿನಿಂದ 12 ಮಿಲಿಮೀಟರ್ ಎತ್ತರದಲ್ಲಿ ನಿಲ್ಲಿಸಿ, 4 ಮಿಲಿಮೀಟರಿನ ತಾಮ್ರದ ಕೊಳವೆಯನ್ನು ಚೆಂದವಾಗಿ ಬಾಗಿಸಿ ಉಗಿ ತಂದೆ. ಕೊಳವೆ 180 ಮಿಲಿಮೀಟರ್ ಉದ್ದವಿತ್ತು, ಮೈಗೆ ಹೊದಿಕೆ ಇರಲಿಲ್ಲ. ಸಿಲಿಂಡರಿನ ಎರಡು ತುದಿಗಳಲ್ಲಿ ನೀರು ಬಿಡಲು ಇರಬೇಕಾದ ಪುಟ್ಟ ನಲ್ಲಿಗಳನ್ನೂ ಕೈಬಿಟ್ಟಿದ್ದೆ. ಹತ್ತರ ಅಳತೆಯಲ್ಲಿ ಅವು ಅಕ್ಕಿಕಾಳಿನಷ್ಟಾಗುತ್ತವೆ, ಇದ್ದರೂ ಇಲ್ಲದಿದ್ದರೂ ಒಂದೇ ಎಂದುಕೊಂಡಿದ್ದೆ.

ತಪ್ಪು ದಾರಿಗಳು

ಮೊದಲು ಅನುಮಾನ ಬಂದದ್ದು ಬಾಯ್ಲರಿನ ಮೇಲೆ. ಚಿಮಣಿಯಿಂದ ನೀರು ಉಗುಳಿತಲ್ಲ, ಅಂದರೆ ಕುದಿಯುವ ನೀರೇ ಉಕ್ಕಿ ಉಗಿಯ ಜೊತೆ ಬರುತ್ತಿದೆ ಎಂದು ಭಾವಿಸಿದೆ. ನೀರಿನ ಮಟ್ಟವನ್ನು ಸುರಕ್ಷಿತ ಮಿತಿಯೊಳಗೇ ಇಳಿಸುತ್ತಾ ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ಅಷ್ಟೇ ನೀರು, ಅದೇ ನಿಲುಗಡೆ. ಉಕ್ಕುವುದೇ ಕಾರಣವಾಗಿದ್ದರೆ ಮಟ್ಟ ಇಳಿದಂತೆ ನೀರೂ ಕಡಿಮೆಯಾಗಬೇಕಿತ್ತು.

ಮಟ್ಟ ತೋರಿಸುವ ಗಾಜಿನ ಕೊಳವೆಯ ಬಗ್ಗೆ ಇಲ್ಲೇ ಒಂದು ಮಾತು. ಅದನ್ನೂ ಹತ್ತನೇ ಒಂದಕ್ಕೆ ಇಳಿಸಿದರೆ ರಂಧ್ರ ಎಷ್ಟು ಕಿರಿದಾಗುತ್ತದೆಂದರೆ, ನೀರಿನ ಮೇಲ್ಮೈ ಸೆಳೆತದಿಂದ ಗುಳ್ಳೆಗಳು ಒಳಗೇ ಅಂಟಿ ನಿಂತು ಸುಳ್ಳು ಮಟ್ಟ ತೋರಿಸುತ್ತವೆ. ನೋಟಕ್ಕೆ ಹೊಂದದಿದ್ದರೂ ನಾನು ದಪ್ಪ ಕೊಳವೆಯನ್ನೇ ಹಾಕಿದ್ದೆ. ಬಾಯ್ಲರಿನ ವಿಷಯದಲ್ಲಿ ನೋಟಕ್ಕೆ ಎರಡನೆಯ ಸ್ಥಾನ.

ಎರಡನೆಯ ಯೋಚನೆ ಒತ್ತಡ ಏರಿಸುವುದು. ಸೇಫ್ಟಿ ವಾಲ್ವಿನ ಸ್ಪ್ರಿಂಗನ್ನು ಎರಡು ಸುತ್ತು ಬಿಗಿದರೆ 5 ಬಾರ್ ಸಿಗುತ್ತದೆ, ಸಿಲುಕಿದ ಪಿಸ್ಟನ್ನನ್ನು ಬಲದಿಂದಲೇ ತಳ್ಳಬಹುದು ಎಂದು ಮನಸ್ಸು ಹೇಳಿತು. ಸ್ಪ್ಯಾನರ್ ಕೈಗೂ ಬಂದಿತ್ತು. ಅದನ್ನು ಕೆಳಗಿಟ್ಟದ್ದು ಒಂದು ಲೆಕ್ಕದಿಂದ. ನನ್ನ ಬಾಯ್ಲರಿನಲ್ಲಿರುವುದು 550 ಗ್ರಾಂ ನೀರು. 3 ಬಾರ್ ಒತ್ತಡದಲ್ಲಿ ಅದರ ಉಷ್ಣತೆ ಸುಮಾರು 144 ಡಿಗ್ರಿ. ಎಲ್ಲಾದರೂ ಬೆಸುಗೆ ಬಾಯಿಬಿಟ್ಟರೆ 100 ಡಿಗ್ರಿಗಿಂತ ಮೇಲಿರುವ ಶಾಖವೆಲ್ಲ ಒಮ್ಮೆಗೇ ನೀರನ್ನು ಉಗಿಯಾಗಿಸುತ್ತದೆ. ಹಾಗೆ ಸುಮಾರು 45 ಗ್ರಾಂ ನೀರು, ಅಂದರೆ 75 ಲೀಟರಿನಷ್ಟು ಉಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೋಣೆಗೆ ನುಗ್ಗುತ್ತದೆ. 5 ಬಾರಿಗೆ ಅದು ಇನ್ನೂ ಹೆಚ್ಚು.

ಕೊಳವೆಯ ಗೋಡೆಯ ಲೆಕ್ಕ ಮಾತ್ರ ನೋಡಿದರೆ 3 ಬಾರಿನಲ್ಲಿ ತಾಮ್ರದ ಮೇಲೆ ಬೀಳುವ ಸೆಳೆತ 6 ಮೆಗಾಪ್ಯಾಸ್ಕಲಿಗಿಂತ ಕಡಿಮೆ. ಹದಗೊಂಡ ಮೆತ್ತನೆಯ ತಾಮ್ರ ಹರಿಯಲು 200ರ ಆಸುಪಾಸು ಬೇಕು. ಈ ಅಂತರ ನೋಡಿ ಧೈರ್ಯ ಬರುವುದು ಸಹಜ. ಆದರೆ ಬಾಯ್ಲರ್ ಸೋಲುವುದು ದುಂಡನೆಯ ಗೋಡೆಯಲ್ಲಲ್ಲ; ಒಲೆಯ ಚಪ್ಪಟೆ ತಗಡುಗಳಲ್ಲಿ, ಅವುಗಳನ್ನು ಹಿಡಿದಿಡುವ ಅಡ್ಡ ಸರಳುಗಳಲ್ಲಿ, ಬೆಸುಗೆಯಲ್ಲಿ. ನಾನು ಅದನ್ನು ತಣ್ಣೀರು ತುಂಬಿಸಿ 6 ಬಾರಿಗೆ, ಅಂದರೆ ಕೆಲಸದ ಒತ್ತಡದ ಎರಡು ಪಟ್ಟಿಗೆ, ಅರ್ಧ ಗಂಟೆ ಪರೀಕ್ಷಿಸಿದ್ದೆ. ಆ ಪರೀಕ್ಷೆ ಕೊಟ್ಟ ಅನುಮತಿ 3 ಬಾರಿಗೆ ಮಾತ್ರ. ಇಂಥ ಪರೀಕ್ಷೆಯನ್ನು ಯಾವತ್ತೂ ನೀರಿನಲ್ಲೇ ಮಾಡಬೇಕು, ಗಾಳಿಯಲ್ಲಲ್ಲ. ನೀರು ಹೆಚ್ಚುಕಡಿಮೆ ಕುಗ್ಗದ ವಸ್ತು. ಬಿರುಕು ಬಿಟ್ಟರೆ ಒಂದು ಧಾರೆ ಸುರಿದು ಒತ್ತಡ ಸತ್ತುಹೋಗುತ್ತದೆ. ಅದುಮಿದ ಗಾಳಿ ಹಾಗಲ್ಲ, ತಾಮ್ರದ ಚೂರುಗಳನ್ನೇ ಎಸೆಯುತ್ತದೆ.

ಮೂರನೆಯ ಅನುಮಾನ ಹಿಗ್ಗುವಿಕೆ. ಇದು ಸರಿಯಾದ ಅನುಮಾನವೇ ಆಗಿತ್ತು. ನಾನು ಪರೀಕ್ಷಿಸಿದ ರೀತಿ ತಪ್ಪಾಗಿತ್ತು. ಸಿಲಿಂಡರ್, ಪಿಸ್ಟನ್, ಕ್ರ್ಯಾಂಕ್ ಎಲ್ಲವನ್ನೂ ಜೋಡಿಸಿದ ಹಾಗೆಯೇ ಕಾರ್ಯಾಗಾರದ ವಿದ್ಯುತ್ ಒಲೆಯಲ್ಲಿಟ್ಟು 140 ಡಿಗ್ರಿಗೆ ಕಾಯಿಸಿದೆ. ಹೊರತೆಗೆದು ತಿರುಗಿಸಿದರೆ ಸ್ವಲ್ಪ ಬಿಗಿ ಎನಿಸಿತೇ ಹೊರತು ಸಿಲುಕಲಿಲ್ಲ. ಕಂಚು ಬೀಡು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ ನಿಜ. ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 18 ಭಾಗ ಕಂಚು, 11 ಭಾಗ ಬೀಡು. 20 ಮಿಲಿಮೀಟರ್ ವ್ಯಾಸಕ್ಕೆ, 115 ಡಿಗ್ರಿ ಏರಿಕೆಗೆ, ವ್ಯತ್ಯಾಸ 0.016 ಮಿಲಿಮೀಟರ್. ಸಡಿಲು 0.02 ಇದ್ದದ್ದರಿಂದ 0.004 ಉಳಿಯುತ್ತದೆ. ಲೆಕ್ಕವೂ ಪ್ರಯೋಗವೂ ಒಂದೇ ಮಾತು ಹೇಳಿದವು. ಹಿಗ್ಗುವಿಕೆ ಕಾರಣವಲ್ಲ ಎಂದು ಪುಸ್ತಕದಲ್ಲಿ ಬರೆದು ಗೆರೆ ಎಳೆದೆ. ಆ ಒಂದು ಗೆರೆಯಿಂದ ಹತ್ತು ದಿನ ಕಳೆದುಕೊಂಡೆ.

ಕುದಿಯುವ ನೀರಿನಲ್ಲಿ ಪಿಸ್ಟನ್

ನನಗೆ ಲೇತ್ ಕೆಲಸ ಕಲಿಸಿದ ಹಿರಿಯರಿಗೆ ಟಿಪ್ಪಣಿಗಳನ್ನು ತೋರಿಸಿದೆ. ಅವರು ಓದುತ್ತಾ ಹೋಗಿ ಆ ಗೆರೆಯ ಮೇಲೆ ಬೆರಳಿಟ್ಟು, "ಎರಡೂ ಒಟ್ಟಿಗೇ ಬಿಸಿಯಾಗುತ್ತವೆ ಎಂದು ನಿನಗೆ ಯಾರು ಹೇಳಿದರು?" ಎಂದು ಕೇಳಿದರು. ಬೇರೇನೂ ಹೇಳಲಿಲ್ಲ. ಬೇಕಾಗಿಯೂ ಇರಲಿಲ್ಲ.

ಒಲೆಯೊಳಗೆ ಎರಡೂ ಒಟ್ಟಿಗೆ ಬಿಸಿಯಾಗಿದ್ದವು. ಎಂಜಿನ್ನಿನಲ್ಲಿ ಹಾಗೆ ಆಗುವುದಿಲ್ಲ. ಪಿಸ್ಟನ್ ಎರಡೂ ಮಗ್ಗುಲಲ್ಲಿ ಉಗಿಯ ನಡುವೆ ಇರುವ ಪುಟ್ಟ ಬಿಲ್ಲೆ. ಕೆಲವೇ ಸೆಕೆಂಡುಗಳಲ್ಲಿ ಕಾಯುತ್ತದೆ. ಸಿಲಿಂಡರ್ 350 ಗ್ರಾಂ ತೂಕದ ಬೀಡಿನ ದಿಮ್ಮಿ. ಹೊರಗಿನ ತಣ್ಣನೆಯ ಗಾಳಿಗೆ ಮೈಯೊಡ್ಡಿ, ಬಾಯ್ಲರಿನಿಂದ ದೂರ, ಎರಡು ಕಾಲುಗಳ ಮೇಲೆ ನಿಂತಿದೆ. ಅದು ನಿಧಾನವಾಗಿ ಕಾಯುತ್ತದೆ. ಬಿಸಿಯ ಪಿಸ್ಟನ್ ತಣ್ಣನೆಯ ಸಿಲಿಂಡರಿನೊಳಗೆ ಇರುವ ಆ ಎರಡು ನಿಮಿಷಗಳೇ ನನ್ನ ಪ್ರಶ್ನೆಯ ಜಾಗ.

ಪರೀಕ್ಷೆ ಬಹಳ ಸರಳ. ಸಿಲಿಂಡರನ್ನು ಬಿಚ್ಚಿ ಮೇಜಿನ ಮೇಲೆ, ಕೋಣೆಯ ಉಷ್ಣತೆಯಲ್ಲಿ, 25 ಡಿಗ್ರಿಯಲ್ಲಿ ಇಟ್ಟೆ. ಪಿಸ್ಟನ್ನಿಗೆ ತಂತಿ ಕಟ್ಟಿ ಕುದಿಯುವ ನೀರಿನಲ್ಲಿ ಐದು ನಿಮಿಷ ತೂಗಿಬಿಟ್ಟೆ. ಎತ್ತಿ, ಒರೆಸಿ, ತಕ್ಷಣ ಸಿಲಿಂಡರಿನ ಬಾಯಿಗೆ ಹಿಡಿದೆ. ಅದು ಒಳಗೆ ಹೋಗಲೇ ಇಲ್ಲ. ಅಂಚಿನ ಮೇಲೆ ನಾಣ್ಯದಂತೆ ಕೂತಿತು. ಸುಮಾರು ಒಂದು ನಿಮಿಷ ಹಾಗೇ ಕೂತಿದ್ದು, ತಣಿಯುತ್ತಿದ್ದಂತೆ ತನ್ನ ತೂಕಕ್ಕೆ ತಾನೇ ಮೆಲ್ಲಗೆ ಒಳಗೆ ಜಾರಿತು. ಆ ಜಾರುವಿಕೆಯನ್ನು ನಾಲ್ಕು ಸಲ ಮಾಡಿ ನೋಡಿದೆ. ಒಂದು ಸಂಶಯವನ್ನು ಇಷ್ಟು ಸ್ಪಷ್ಟವಾಗಿ ಕಣ್ಣೆದುರಿಗೆ ಇಡುವ ಪ್ರಯೋಗ ನನ್ನ ಕೈಯಿಂದ ಹಿಂದೆ ಆಗಿರಲಿಲ್ಲ.

20 ಮಿಲಿಮೀಟರ್, 75 ಡಿಗ್ರಿ ವ್ಯತ್ಯಾಸ, ಕಂಚು: ಹಿಗ್ಗಿದ್ದು 0.027 ಮಿಲಿಮೀಟರ್. ಸಡಿಲು 0.02. ನಾನು ಹೆಮ್ಮೆಪಟ್ಟಿದ್ದ ಹೊಂದಿಕೆಯೇ ಎಂಜಿನ್ನನ್ನು ಹಿಡಿದು ನಿಲ್ಲಿಸಿತ್ತು.

ಗಾಳಿ ಇದನ್ನು ತೋರಿಸಲು ಸಾಧ್ಯವೇ ಇರಲಿಲ್ಲ. ಅದುಮಿದ ಗಾಳಿ ಸಿಲಿಂಡರಿನಿಂದ ಹೊರಬೀಳುವಾಗ ಹಿಗ್ಗಿ ತಂಪಾಗುತ್ತದೆ. ಗಾಳಿಯಲ್ಲಿ ಓಡುವ ಎಂಜಿನ್ ಬಿಸಿಯಾಗುವ ಬದಲು ತಣ್ಣಗಾಗುತ್ತದೆ. ಗಾಳಿಯ ಪರೀಕ್ಷೆಯಿಂದ ತಿಳಿಯುವುದು ಭಾಗಗಳು ಒಂದಕ್ಕೊಂದು ತಾಗದೆ ತಿರುಗುತ್ತವೆ ಎಂಬುದಷ್ಟೇ. ಎಂಜಿನ್ ಉಗಿಗೆ ಸಿದ್ಧವಾಗಿದೆಯೇ ಎಂಬುದರ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

ನಾಲ್ಕನೆಯ ಪಿಸ್ಟನ್ನನ್ನು ಬೀಡು ಕಬ್ಬಿಣದಿಂದಲೇ ಕಡೆದೆ. ಸಿಲಿಂಡರಿಗೂ ಅದಕ್ಕೂ ಒಂದೇ ಲೋಹ. ಸಡಿಲನ್ನು 0.05ಕ್ಕೆ ಏರಿಸಿದೆ. ಉಗಿ ಸೋರದಂತೆ 3 ಮಿಲಿಮೀಟರ್ ಅಗಲದ ಕಾಲುವೆ ಕೊರೆದು ಗ್ರ್ಯಾಫೈಟ್ ಲೇಪಿಸಿದ ನೂಲಿನ ಹುರಿ ಸುತ್ತಿದೆ. ಅಂಗೈ ಮುಚ್ಚಿ ಎಳೆದರೆ ಈಗ ಪಿಸ್ಟನ್ ಹಿಂದಕ್ಕೆ ಚಿಮ್ಮುವುದಿಲ್ಲ. ಎಂಜಿನ್ ಉಗಿಯಲ್ಲಿ ಓಡಿತು.

ಕಾಣೆಯಾದ 54 ಗ್ರಾಂ

ಓಡಿತು, ಆದರೆ ಉಸಿರು ಕಟ್ಟಿದಂತೆ. ಮೊದಲ ಎರಡು ನಿಮಿಷ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ ನೀರನ್ನು ಹೊರಗೆ ತಳ್ಳಬೇಕಾಗುತ್ತಿತ್ತು. ಆಮೇಲೆ ವೇಗ ಹಿಡಿದರೂ ಐದೇ ನಿಮಿಷದಲ್ಲಿ ಒತ್ತಡ 3 ಬಾರಿನಿಂದ 1 ಬಾರಿಗೆ ಕುಸಿಯುತ್ತಿತ್ತು.

ಈ ಸಲ ಊಹೆಗೆ ಹೋಗಲಿಲ್ಲ, ತೂಕಕ್ಕೆ ಹೋದೆ. ಮೊದಲು ಎಂಜಿನ್ ನಿಲ್ಲಿಸಿ, ಬರ್ನರ್ ಪೂರ್ತಿ ಉರಿಸಿ, ಸೇಫ್ಟಿ ವಾಲ್ವಿನಿಂದಲೇ ಹತ್ತು ನಿಮಿಷ ಉಗಿ ಹೋಗಲು ಬಿಟ್ಟೆ. ಬಾಯ್ಲರ್ ತಣಿದ ಮೇಲೆ ಗುರುತಿನವರೆಗೆ ನೀರು ತುಂಬಲು 120 ಗ್ರಾಂ ಬೇಕಾಯಿತು. ಅಂದರೆ ಬಾಯ್ಲರಿನ ಶಕ್ತಿ ನಿಮಿಷಕ್ಕೆ 12 ಗ್ರಾಂ. ಆ ಹತ್ತೂ ನಿಮಿಷ ಒತ್ತಡ ಅನುಮತಿಯ ಮಿತಿ ಮೀರಲಿಲ್ಲ. ಪೂರ್ತಿ ಬೆಂಕಿಯಲ್ಲಿ ಹುಟ್ಟುವ ಉಗಿಯನ್ನೆಲ್ಲ ಸೇಫ್ಟಿ ವಾಲ್ವ್ ಹೊರಹಾಕಬಲ್ಲದು ಎಂಬುದೂ ಇದರಲ್ಲೇ ಖಾತ್ರಿಯಾಯಿತು. ಅದು ಸ್ವತಂತ್ರವಾಗಿಯೂ ಮಾಡಲೇಬೇಕಾದ ಪರೀಕ್ಷೆ.

ನಂತರ ಎಂಜಿನ್ ಓಡಿಸಿ ಅದೇ ರೀತಿ ಅಳೆದೆ. ಐದು ನಿಮಿಷ, ಒಟ್ಟು 1250 ಸುತ್ತು, ಒತ್ತಡ ಸರಾಸರಿ 2 ಬಾರ್. ಖರ್ಚಾದ ನೀರು 85 ಗ್ರಾಂ. ಬಾಯ್ಲರ್ ಐದು ನಿಮಿಷದಲ್ಲಿ ಕೊಡಬಲ್ಲದ್ದು 60. ಉಳಿದ 25 ಗ್ರಾಂ ಬಂದದ್ದು ಒತ್ತಡ ಇಳಿದಾಗ ನೀರಿನಲ್ಲೇ ಕೂಡಿಟ್ಟಿದ್ದ ಶಾಖದಿಂದ. ಕೂಡಿಟ್ಟದ್ದು ಮುಗಿದೊಡನೆ ಎಂಜಿನ್ ನಿಲ್ಲುತ್ತಿತ್ತು.

ಇನ್ನು ಸಿಲಿಂಡರ್ ನ್ಯಾಯವಾಗಿ ತಿನ್ನಬೇಕಾದದ್ದು ಎಷ್ಟು? ಪಿಸ್ಟನ್ನಿನ ಎರಡೂ ಮಗ್ಗುಲು ಸೇರಿ ಒಂದು ಸುತ್ತಿಗೆ 15.2 ಘನ ಸೆಂಟಿಮೀಟರ್. 2 ಬಾರ್ ಉಗಿಯ ತೂಕ ಲೀಟರಿಗೆ 1.65 ಗ್ರಾಂ. 1250 ಸುತ್ತಿಗೆ 31 ಗ್ರಾಂ ಸಾಕು. 85ರಲ್ಲಿ 31 ಕೆಲಸ ಮಾಡಿತು, 54 ಗ್ರಾಂ ಎಲ್ಲೋ ಹೋಯಿತು.

ಈ ಲೆಕ್ಕವನ್ನು ನೋಡುತ್ತಾ ಕೂತಾಗ ನೆನಪಾದದ್ದು ಜೇಮ್ಸ್ ವಾಟ್. 1763ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ರಿಪೇರಿಗೆಂದು ಅವನ ಕೈಗೆ ಕೊಟ್ಟದ್ದೂ ಒಂದು ಮಾದರಿಯೇ, ಗಣಿಯ ನೀರೆತ್ತುವ ಹಳೆಯ ಬಗೆಯ ನ್ಯೂಕಮೆನ್ ಉಗಿ ಎಂಜಿನ್ನಿನ ಮಾದರಿ. ಸಿಲಿಂಡರ್ 2 ಅಂಗುಲ ವ್ಯಾಸ, 6 ಅಂಗುಲ ಓಟ. ದೊಡ್ಡ ನ್ಯೂಕಮೆನ್ ಎಂಜಿನ್ನುಗಳು ಗಣಿಗಳಲ್ಲಿ ದಿನವಿಡೀ ನೀರೆತ್ತುತ್ತಿದ್ದಾಗ, ಆ ಪುಟ್ಟದು ಕೆಲವೇ ಓಟಗಳಿಗೆ ಬಾಯ್ಲರಿನ ಉಗಿಯನ್ನೆಲ್ಲ ಕುಡಿದು ನಿಲ್ಲುತ್ತಿತ್ತು. ವಾಟ್ ಅಳೆದು ನೋಡಿದ. ಸಿಲಿಂಡರ್ ಚಿಕ್ಕದಾದಷ್ಟೂ ಒಳಗಿನ ಜಾಗಕ್ಕೆ ಹೋಲಿಸಿದರೆ ಅದರ ಗೋಡೆ ಹೆಚ್ಚು; ಆ ಗೋಡೆಯನ್ನು ಕಾಯಿಸಲೆಂದೇ ಉಗಿ ನೀರಾಗುತ್ತಿತ್ತು. ಅಲ್ಲಿಂದ ಹೊರಟ ಯೋಚನೆಯೇ 1765ರ ಪ್ರತ್ಯೇಕ ಕಂಡೆನ್ಸರ್ (ಉಗಿಯನ್ನು ಸಿಲಿಂಡರಿನ ಹೊರಗೆ ತಣಿಸಿ ನೀರಾಗಿಸುವ ಪಾತ್ರೆ), 1769ರ ಪೇಟೆಂಟ್. ಸರಿಯಾಗಿ ಓಡದ ಒಂದು ಮಾದರಿಯಿಂದ ಅಷ್ಟು ದೊಡ್ಡ ಬದಲಾವಣೆ ಹುಟ್ಟಿತು ಎಂಬುದು ನನಗೆ ಯಾವಾಗಲೂ ಮೈನವಿರೇಳಿಸುವ ಸಂಗತಿ. ಅದೇ ತೊಂದರೆಯನ್ನು ನನ್ನ ಮೇಜಿನ ಮೇಲೆ, ನನ್ನದೇ ತಕ್ಕಡಿಯಲ್ಲಿ ನೋಡುವುದು ಬೇರೆಯೇ ಅನುಭವ.

ನನ್ನ ಮಾದರಿಯಲ್ಲಿ ಪ್ರತಿ ಘನ ಸೆಂಟಿಮೀಟರ್ ಉಗಿಗೆ ಮೂಲ ರೋಲರಿಗಿಂತ ಹತ್ತು ಪಟ್ಟು ಗೋಡೆ ಇದೆ. ಹೀಗಿರುವಾಗ ಮೂಲದಲ್ಲಿದ್ದ ಉಗಿಯ ಹೊದಿಕೆಯನ್ನು ತೆಗೆದುಹಾಕಿದ್ದೆ. ದೊಡ್ಡದಕ್ಕಿಂತ ಚಿಕ್ಕದಕ್ಕೇ ಅದು ಹೆಚ್ಚು ಅಗತ್ಯವಾಗಿತ್ತು. ಆಕಾರವನ್ನು ಹತ್ತನೇ ಒಂದಕ್ಕೆ ಇಳಿಸಬಹುದು. ಶಾಖ ಆ ಅಳತೆಗೆ ಇಳಿಯುವುದಿಲ್ಲ.

ನೀರಿನ ನಲ್ಲಿಗಳ ವಿಷಯವೂ ಅಷ್ಟೇ. 350 ಗ್ರಾಂ ಬೀಡನ್ನು ಕೋಣೆಯ ಉಷ್ಣತೆಯಿಂದ ಉಗಿಯ ಉಷ್ಣತೆಗೆ ತರಲು ಸುಮಾರು 18 ಕಿಲೋಜೂಲ್ ಬೇಕು. ಅಷ್ಟನ್ನು ಕೊಡಲು 8 ಗ್ರಾಂ ಉಗಿ ನೀರಾಗಬೇಕು. ಓಟದ ತುದಿಯಲ್ಲಿ ಪಿಸ್ಟನ್ನಿಗೂ ಮುಚ್ಚಳಕ್ಕೂ ನಡುವೆ ನಾನು ಬಿಟ್ಟ ಜಾಗ, ಉಗಿಯ ದಾರಿಯೂ ಸೇರಿ, ಅರ್ಧ ಗ್ರಾಂ ನೀರಿಗೆ ಸಾಲುತ್ತದೆ. ಉಳಿದದ್ದು ಎಲ್ಲಿ ಹೋಗಬೇಕು? ಉಗಿಯ ಕಿಂಡಿಗಳ ಮೇಲೆ ಅತ್ತಿತ್ತ ಜಾರಿ ಅವನ್ನು ತೆರೆದು ಮುಚ್ಚುವ ಸ್ಲೈಡ್ ವಾಲ್ವ್ ತನ್ನ ಪೀಠದಿಂದ ಸ್ವಲ್ಪ ಮೇಲೆದ್ದು ನೀರಿಗೆ ದಾರಿ ಬಿಡುತ್ತದೆ. ಹಾಗಾಗಿ ನನ್ನ ಮುಚ್ಚಳ ಉಳಿಯಿತು. ಇದೇ ಜಾಗದಲ್ಲಿ ಕೊಳವೆಯೊಳಗೆ ಜಾರುವ, ಮೇಲೇಳಲಾಗದ ಪಿಸ್ಟನ್ ವಾಲ್ವ್ ಇದ್ದಿದ್ದರೆ ಆ ದಾರಿಯೂ ಇರುತ್ತಿರಲಿಲ್ಲ, ಕ್ರ್ಯಾಂಕೋ ಮುಚ್ಚಳವೋ ಮುರಿಯುತ್ತಿತ್ತು.

ಮೂರನೆಯದು

ಗೋಡೆಯ ನಷ್ಟ ಸರಿಪಡಿಸುವ ಮೊದಲು ವಾಲ್ವ್ ಪೆಟ್ಟಿಗೆಯ ಮುಚ್ಚಳ ತೆಗೆದು ಅಳತೆಗಳನ್ನು ಮತ್ತೊಮ್ಮೆ ನೋಡಿದೆ. ಉಗಿಯ ಕಿಂಡಿಗಳು ತಲಾ 2 ಮಿಲಿಮೀಟರ್, ನಡುವಿನ ಪಟ್ಟಿಗಳು 2, ಹೊರಹೋಗುವ ಕಿಂಡಿ 4. ಎಲ್ಲ ಸೇರಿ 12. ನನ್ನ ವಾಲ್ವಿನ ಉದ್ದವೂ ಸರಿಯಾಗಿ 12. ಕಿಂಡಿಯ ಅಂಚಿಗಿಂತ ಆಚೆಗೆ ಚಾಚುವ ಹೆಚ್ಚುವರಿ ಭಾಗ, ಲ್ಯಾಪ್ ಎನ್ನುತ್ತಾರಲ್ಲ, ಅದು ಸೊನ್ನೆ. ಇಂಥ ವಾಲ್ವಿನಲ್ಲಿ ಓಟದ ಕೊನೆಯವರೆಗೂ ಉಗಿ ನುಗ್ಗುತ್ತಲೇ ಇರುತ್ತದೆ. ಒಳಗೆ ಬಂದ ಉಗಿ ಹಿಗ್ಗಿ ತಾನಾಗಿ ಕೆಲಸ ಮಾಡಲು ಅವಕಾಶವೇ ಇಲ್ಲ. ಕಂಪ್ರೆಸರಿನ ಗಾಳಿಗೆ ಬರವಿಲ್ಲದಿದ್ದರಿಂದ ಈ ಪೋಲು ಗಾಳಿಯಲ್ಲಿ ಕಾಣಲಿಲ್ಲ.

ಹೊಸ ವಾಲ್ವನ್ನು 13.6 ಮಿಲಿಮೀಟರ್ ಉದ್ದಕ್ಕೆ ಮಾಡಿದೆ. ಎರಡೂ ಕಡೆ 0.8 ಲ್ಯಾಪ್. ಎಕ್ಸೆಂಟ್ರಿಕ್, ಅಂದರೆ ಅಚ್ಚಿನ ಜೊತೆ ತಿರುಗುತ್ತಾ ವಾಲ್ವನ್ನು ಆಡಿಸುವ ನಡು ತಪ್ಪಿದ ಬಿಲ್ಲೆ, ಹಳೆಯದೇ; ವಾಲ್ವನ್ನು ಅತ್ತಿತ್ತ ಎರಡೆರಡು ಮಿಲಿಮೀಟರ್ ಸರಿಸುವಂಥದ್ದು. ಓಟದ ಆರಂಭದಲ್ಲಿ ಕಿಂಡಿ 0.1 ಮಿಲಿಮೀಟರ್ ತೆರೆದಿರಬೇಕೆಂದರೆ ಎಕ್ಸೆಂಟ್ರಿಕ್ ಕ್ರ್ಯಾಂಕಿಗಿಂತ 90ರ ಬದಲು ಸುಮಾರು 117 ಡಿಗ್ರಿ ಮುಂದಿರಬೇಕು. ನನ್ನ ರೋಲರ್ ಹಿಂದಕ್ಕೆ ಹೋಗುವುದು ಎಕ್ಸೆಂಟ್ರಿಕ್ ಅಚ್ಚಿನ ಮೇಲೆ ಜಾರಿ ತಡೆಗೆ ತಾಗಿ ನಿಲ್ಲುವ ವ್ಯವಸ್ಥೆಯಿಂದ. ಹಿಂದೆ 180 ಡಿಗ್ರಿ ಜಾರುತ್ತಿದ್ದದ್ದನ್ನು ಈಗ 127ಕ್ಕೆ ಇಳಿಸಿ ತಡೆಯನ್ನು ಹೊಸದಾಗಿ ಕಡೆಯಬೇಕಾಯಿತು. ಇದು ಮರೆತುಹೋಗುವ ಕೆಲಸ. ಮರೆತರೆ ಮುಂದಕ್ಕೆ ಚೆನ್ನಾಗಿ ಓಡಿ ಹಿಂದಕ್ಕೆ ಕುಂಟುತ್ತದೆ. ಈಗ ಉಗಿ ಓಟದ ಸುಮಾರು 82 ಪ್ರತಿಶತದಲ್ಲಿ ನಿಲ್ಲುತ್ತದೆ. ಲ್ಯಾಪ್ ಇನ್ನೂ ಹೆಚ್ಚಿಸಿದರೆ ಉಳಿತಾಯ ಹೆಚ್ಚು. ಆದರೆ ಒಂಟಿ ಸಿಲಿಂಡರಿನ ಪುಟ್ಟ ಎಂಜಿನ್ನಿಗೆ ತಾನಾಗಿ ಹೊರಡುವುದೇ ಕಷ್ಟವಾಗುತ್ತದೆ, ಕಿಂಡಿ ತೆರೆಯುವುದೂ ಕಡಿಮೆಯಾಗುತ್ತದೆ. ಇಲ್ಲಿಗೆ ಸಾಕು ಎನಿಸಿತು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಪೀಠ. ಗನ್‌ಮೆಟಲ್ ಎಂಬ ಬಗೆಯ ಕಂಚಿನ ತುಂಡಿನಲ್ಲಿ ಬಾಯ್ಲರಿನ ಬೆನ್ನಿಗೆ ಹೊಂದುವ ಬಾಗನ್ನು ಕೊರೆದು, ಒಳಗೆ ಪೊಳ್ಳು ಮಾಡಿ, ಉಗಿ ಬಾಯ್ಲರಿನಿಂದ ನೇರವಾಗಿ ಅದರೊಳಗೆ ಏರುವಂತೆ ಮಾಡಿದೆ. ಹಿತ್ತಾಳೆ ಸುಲಭವಾಗಿ ಸಿಗುತ್ತದೆ, ಸುಲಭವಾಗಿ ಕಡೆಯಲೂ ಬರುತ್ತದೆ. ಆದರೆ ಬಿಸಿನೀರಿನ ಸಹವಾಸದಲ್ಲಿ ಅದರೊಳಗಿನ ಸತು ಕ್ರಮೇಣ ಕರಗಿಹೋಗಿ ಲೋಹ ಪೊಳ್ಳಾಗುವುದರಿಂದ ಬಾಯ್ಲರಿನ ಭಾಗಗಳಿಗೆ ಅದನ್ನು ಬಳಸಬಾರದು. ಪರೀಕ್ಷೆಯಾದ ಬಾಯ್ಲರಿಗೆ ಹೊಸ ತೂತು ಕೊರೆಯಲು ಮನಸ್ಸಿರಲಿಲ್ಲ. ಮೊದಲೇ ಬೆಳ್ಳಿ ಬೆಸುಗೆ ಹಾಕಿದ್ದ ಉಗಿಯ ಬಾಯಿಯ ಮೇಲೇ ಪೀಠವನ್ನು ಕೂರಿಸಿ ಬೋಲ್ಟ್ ಬಿಗಿದೆ. ಪೀಠವೂ ಈಗ ಒತ್ತಡ ಹೊರುವ ಭಾಗವಾದ್ದರಿಂದ ಮತ್ತೊಮ್ಮೆ 6 ಬಾರಿನ ನೀರಿನ ಪರೀಕ್ಷೆ ಮಾಡಿದೆ. ಸಿಲಿಂಡರ್ ಪೀಠದ ಮೇಲೆ ಮೈತಾಗಿಸಿ ಕೂತಿತು. ಸಿಲಿಂಡರಿಗೂ ಬಾಯ್ಲರಿಗೂ ಸೆರಾಮಿಕ್ ನಾರಿನ ಹೊದಿಕೆ, ಅದರ ಮೇಲೆ ತೆಳು ತಗಡು. ಹಳೆಯ ನಕ್ಷೆಗಳಲ್ಲಿ ಇಂಥ ಕಡೆ ಆಸ್‌ಬೆಸ್ಟಾಸ್ ಎಂದು ಬರೆದಿರುತ್ತದೆ. ಅದರ ಧೂಳು ಕ್ಯಾನ್ಸರ್ ತರುತ್ತದೆ. ಉಳಿದ ಹಳೆಯ ತುಂಡು ಸಿಕ್ಕಿದರೂ ಮುಟ್ಟಬಾರದು.

ಎರಡು ಪುಟ್ಟ ನೀರಿನ ನಲ್ಲಿಗಳನ್ನೂ ಮಾಡಿ ಕೂರಿಸಿದೆ. ರಂಧ್ರ 1 ಮಿಲಿಮೀಟರ್. ಉಗಿ ನೀರಾಗಿ ಕೆಳಗಿಳಿದು ಅಷ್ಟೇ ಎಣ್ಣೆಯನ್ನು ಉಗಿಯ ದಾರಿಗೆ ತಳ್ಳುವ ಎಣ್ಣೆಯ ಡಬ್ಬಿ ಮೊದಲೇ ಇತ್ತು. ಅದರಲ್ಲಿದ್ದ ಸಾಮಾನ್ಯ ಯಂತ್ರದೆಣ್ಣೆಯನ್ನು ಚೆಲ್ಲಿ ಉಗಿ ಸಿಲಿಂಡರಿಗೆಂದೇ ತಯಾರಿಸುವ ದಪ್ಪ ಎಣ್ಣೆ ತುಂಬಿದೆ.

ಎರಡನೆಯ ಉಗಿ

ನಲ್ಲಿಗಳೆರಡನ್ನೂ ತೆರೆದಿಟ್ಟು ಉಗಿ ಬಿಟ್ಟೆ. ಮೊದಲು ಬರೇ ನೀರು ಸುರಿಯಿತು, ಆಮೇಲೆ ನೀರು ಬೆರೆತ ಬಿಳಿ ಹಬೆ. ಐದನೆಯ ನಿಮಿಷದಲ್ಲಿ ನಲ್ಲಿಯ ಬಾಯಿಗೂ ಬಿಳಿ ಹಬೆಗೂ ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ ಕಾಣಿಸಿತು. ಒಣ ಉಗಿ ಕಣ್ಣಿಗೆ ಕಾಣುವುದಿಲ್ಲ. ಆ ಖಾಲಿ ಜಾಗಕ್ಕಾಗಿಯೇ ಕಾಯುತ್ತಿದ್ದೆ. ನಲ್ಲಿಗಳನ್ನು ಮುಚ್ಚಿದೆ. ಫ್ಲೈವೀಲನ್ನು ಮುಟ್ಟುವ ಮೊದಲೇ ಅದು ಹೊರಟಿತು.

ಮೇಜಿನ ಮೇಲೆ ಅದೇ ಪರೀಕ್ಷೆ: ಐದು ನಿಮಿಷ, 1250 ಸುತ್ತು, ಸರಾಸರಿ 2 ಬಾರ್. ನೀರಿನ ಖರ್ಚು 48 ಗ್ರಾಂ. ಬಾಯ್ಲರ್ ಕೊಡಬಲ್ಲ 60ಕ್ಕಿಂತ ಕಡಿಮೆ. ಒತ್ತಡ ಬೀಳುವ ಬದಲು ಏರಲು ನೋಡಿತು, ಗ್ಯಾಸನ್ನು ಸಣ್ಣದು ಮಾಡಬೇಕಾಯಿತು. ಬರ್ನರ್ ಅದೇ, ಬಾಯ್ಲರ್ ಅದೇ. ನಾನು ಮೊದಲ ದಿನ ದೂರಿದ್ದ ಬಾಯ್ಲರಿನಲ್ಲಿ ಯಾವ ದೋಷವೂ ಇರಲಿಲ್ಲ.

ಮರುದಿನ ನೆಲದ ಮೇಲೆ ಬಿಟ್ಟೆ. ನಿಮಿಷಕ್ಕೆ ಸುಮಾರು 6 ಮೀಟರಿನಂತೆ, ದೊಡ್ಡ ರೋಲರಿನ ಗಂಭೀರ ನಡಿಗೆಯಲ್ಲೇ, ಮುಂದಕ್ಕೂ ಹಿಂದಕ್ಕೂ 24 ನಿಮಿಷ ನಡೆಯಿತು. ನೀರಿನ ಗಾಜಿನಲ್ಲಿ ಕೆಳಗಿನ ಗುರುತು ಬಂದಾಗ ಗ್ಯಾಸ್ ಆರಿಸಿದೆ. ಎಲ್ಲ ತಣಿದ ಮೇಲೆ ಸಿಲಿಂಡರಿನ ಮುಚ್ಚಳ ತೆಗೆದು ದೀಪ ಹಿಡಿದು ನೋಡಿದೆ. ಗೀರು ಒಂದೂ ಇರಲಿಲ್ಲ, ಗೋಡೆಯ ಮೇಲೆ ಗ್ರ್ಯಾಫೈಟಿನ ಬೂದು ಹೊಳಪು ಸಮವಾಗಿ ಹರಡಿತ್ತು. ಪಿಸ್ಟನ್ ದಂಡ ಹೊರಬರುವ ಜಾಗದಲ್ಲಿ ಎಂಜಿನ್ ಕಾಯುವವರೆಗೆ ಈಗಲೂ ಹನಿ ನೀರು ಸೋರುತ್ತದೆ. ಅಲ್ಲಿನ ಬಿಗಿ ಇನ್ನೊಂದು ಕಾಲು ಸುತ್ತು ಬೇಡುತ್ತಿದೆ. ಆದರೆ ತಣ್ಣಗಿರುವಾಗ ಬಿಗಿಯಲಾರೆ. ಮುಂದಿನ ಸಲ ಓಡಿಸಿ ನಿಲ್ಲಿಸಿ, ಒತ್ತಡವನ್ನೆಲ್ಲ ಬಿಟ್ಟು, ಲೋಹ ಇನ್ನೂ ಬಿಸಿಯಾಗಿರುವಾಗಲೇ ಬಿಗಿಯುತ್ತೇನೆ.